ಚಿಕ್ಕ ಕ್ಲಬ್‌ನಲ್ಲಿ ಇಂಡೀ ಗಾಯಕರ ಗಿಗ್: ಟಿಕೆಟ್‌ನಿಂದ ಮನೆ ಸೇರುವವರೆಗೆ, ಹಂತ ಹಂತವಾಗಿ

"ದುಡ್ಡು ಕೊಟ್ಟು ಹೋದೆ, ಹಾಡಿನ ಒಂದು ಪದವೂ ಸರಿಯಾಗಿ ಕೇಳಿಸಲಿಲ್ಲ." ಬೆಂಗಳೂರಿನ ಚಿಕ್ಕ ಕ್ಲಬ್‌ಗಳಿಗೆ ಮೊದಲ ಸಲ ಹೋಗಿ ಬಂದವರ ಬಾಯಲ್ಲಿ ಪದೇ ಪದೇ ಬರುವ ಮಾತಿದು. ತಪ್ಪು ಯಾವಾಗಲೂ ಗಾಯಕರದ್ದಲ್ಲ, ಸೌಂಡ್‌ನವರದ್ದೂ ಅಲ್ಲ. ಹೆಚ್ಚಿನ ಸಲ ಆಗುವುದು ಇಷ್ಟು: ತಡವಾಗಿ ಹೋಗುತ್ತಾರೆ, ಬಾರ್ ಕೌಂಟರ್ ಪಕ್ಕದಲ್ಲಿ ನಿಲ್ಲುತ್ತಾರೆ, ಹಾಡು ನಡೆಯುವಾಗ ಊಟ ಆರ್ಡರ್ ಮಾಡುತ್ತಾರೆ, ಕೊನೇ ಮೆಟ್ರೋ ಹಿಡಿಯಲು ಅರ್ಧಕ್ಕೇ ಎದ್ದು ಓಡುತ್ತಾರೆ.

ಒಬ್ಬ ಗಾಯಕಿ ಅಥವಾ ಗಾಯಕ, ಒಂದು ಗಿಟಾರ್, ಸ್ವಂತ ಹಾಡುಗಳು, ನೂರು ನೂರೈವತ್ತು ಜನ ಹಿಡಿಸುವ ಕೋಣೆ. ಈ ಬರಹ ಅಂಥ ಗಿಗ್‌ಗೆ, ಅಂದರೆ ಚಿಕ್ಕ ಲೈವ್ ಸಂಗೀತ ಕಾರ್ಯಕ್ರಮಕ್ಕೆ ಮಾತ್ರ. ಅರಮನೆ ಮೈದಾನದ ದೊಡ್ಡ ಶೋಗಳಿಗೆ ಇದರಲ್ಲಿ ಅರ್ಧ ಅನ್ವಯಿಸುವುದಿಲ್ಲ. ಚಿಕ್ಕ ಕೋಣೆಯಲ್ಲಿ ಕೇಳುವವರು ಮಾಡುವ ಸದ್ದೂ, ಅವರ ಮೌನವೂ ಹಾಡಿನ ಜೊತೆಗೇ ಎಲ್ಲರಿಗೂ ಕೇಳಿಸುತ್ತದೆ. ಅದಕ್ಕೇ ಇಲ್ಲಿ ಕೇಳುವವರ ತಯಾರಿಗೂ ಬೆಲೆ ಇದೆ. ಹಂತಗಳ ಕ್ರಮ ಮುಖ್ಯ, ಹಿಂದೆ ಮುಂದೆ ಮಾಡಬೇಡಿ.

## ಜೊತೆಗೆ ಇರಬೇಕಾದ್ದು

- ವಯಸ್ಸು ತೋರಿಸುವ ಗುರುತಿನ ಚೀಟಿ. ಮೂಲ ಪ್ರತಿ ಇದ್ದರೆ ಒಳ್ಳೆಯದು, ಇಲ್ಲವಾದರೆ ಡಿಜಿಲಾಕರ್‌ನಲ್ಲಿರಲಿ. ಗ್ಯಾಲರಿಯಲ್ಲಿರುವ ಆಧಾರ್ ಫೋಟೋ ನಂಬಿಕೊಂಡು ಹೋಗಬೇಡಿ.
- ಪೂರ್ತಿ ಚಾರ್ಜ್ ಆದ ಫೋನ್. ಟಿಕೆಟ್, ಯುಪಿಐ, ವಾಪಸ್ ಬರುವ ಆಟೋ ಮೂರೂ ಅದರಲ್ಲೇ ಇವೆ.
- ಒಂದು ಜೊತೆ ಇಯರ್‌ಪ್ಲಗ್. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಫೋಮ್‌ನದ್ದೂ ಸಾಕು.
- ಸ್ವಲ್ಪ ನಗದು. ನೆಲಮಾಳಿಗೆಯ ಕ್ಲಬ್‌ಗಳಲ್ಲಿ ನೆಟ್‌ವರ್ಕ್ ಕೈಕೊಡುವುದು ಸಾಮಾನ್ಯ.

ದೊಡ್ಡ ಬ್ಯಾಕ್‌ಪ್ಯಾಕ್, ಲ್ಯಾಪ್‌ಟಾಪ್ ಬೇಡ. ಆಫೀಸಿನಿಂದ ನೇರವಾಗಿ ಹೋಗುವವರು ಅಲ್ಲೇ ಬಿಟ್ಟು ಹೋಗಿ. ಇಡಲು ಜಾಗ ಇರುವುದಿಲ್ಲ, ಹಿಂದೆ ನಿಂತವರಿಗೆ ಅದು ತಗುಲುತ್ತಲೇ ಇರುತ್ತದೆ.

## ಹಂತ 1: ಜಾಗ ಯಾವ ಬಗೆಯದು ಎಂದು ಮೊದಲು ನೋಡಿ

ಗಾಯಕರ ಹೆಸರು ನೋಡಿ ಟಿಕೆಟ್ ಕೊಳ್ಳುವವರು ಜಾಗವನ್ನು ನೋಡುವುದಿಲ್ಲ. ಅದೇ ಗಾಯಕಿ, ಅದೇ ಹಾಡುಗಳು, ಆದರೆ ಎರಡು ಜಾಗಗಳಲ್ಲಿ ಪೂರ್ತಿ ಬೇರೆ ಅನುಭವ ಆಗಬಹುದು.

ಮೊದಲ ಬಗೆ ಕೂತು ಕೇಳುವ ಕೋಣೆ. ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್ ಒಳಗೆ ಸಂಗೀತಕ್ಕೆಂದೇ ಕಟ್ಟಿದ ಥಿಯೇಟರ್ ಇದೆ, ಸೀಟು ನಿಗದಿಯಾಗಿರುತ್ತದೆ. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್ ಕ್ಲಬ್ ಅಲ್ಲ, ಸಭಾಂಗಣ. ಅಲ್ಲಿನ ಬಹಳಷ್ಟು ಕಾರ್ಯಕ್ರಮಗಳಿಗೆ ಪ್ರವೇಶ ಉಚಿತ. ಪದ ಪದ ಕೇಳಿಸಬೇಕು, ಅಪ್ಪ ಅಮ್ಮನನ್ನೋ ಮಕ್ಕಳನ್ನೋ ಕರೆದುಕೊಂಡು ಹೋಗಬೇಕು ಎನ್ನುವವರು ಇಂಥ ಕಡೆ ಶುರು ಮಾಡಿ.

ಎರಡನೆಯದು ವೇದಿಕೆ ಇರುವ ಬಾರ್. ಕೋರಮಂಗಲದ ಫ್ಯಾಂಡಮ್‌ನಂಥ ಜಾಗಗಳು ಈ ಸಾಲಿಗೆ ಸೇರುತ್ತವೆ. ಇಲ್ಲಿ ನಿಂತು ಕೇಳುವುದೇ ಜಾಸ್ತಿ. 21 ತುಂಬದವರನ್ನು ಸಾಮಾನ್ಯವಾಗಿ ಬಾಗಿಲಲ್ಲೇ ತಡೆಯುತ್ತಾರೆ. ಟಿಕೆಟ್ ಇದೆ ಎಂದು ವಾದ ಮಾಡಿ ಪ್ರಯೋಜನ ಇಲ್ಲ.

ಮೂರನೆಯದು ಮನೆ ಗಿಗ್. ಯಾರದೋ ಮನೆಯ ಹಾಲ್, ಸ್ಟುಡಿಯೋ ಅಥವಾ ಮಹಡಿ. 2009ರಲ್ಲಿ ಲಂಡನ್ನಿನಲ್ಲಿ ಶುರುವಾದ ಸೋಫಾರ್ ಸೌಂಡ್ಸ್ ಬೆಂಗಳೂರಿನಲ್ಲೂ ಇಂಥವನ್ನು ನಡೆಸಿದೆ. ವಿಳಾಸ ಕೊನೇ ಗಳಿಗೆಯಲ್ಲಿ ಬರುತ್ತದೆ, ಹಾಡುವವರು ಯಾರೆಂದೂ ಮೊದಲೇ ಹೇಳುವುದಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕಾಗುತ್ತದೆ. ಮಂಡಿ ನೋವಿದ್ದರೆ ಕುರ್ಚಿ ಬೇಕೆಂದು ಮೊದಲೇ ಬರೆದು ಕೇಳಿ, ಕೊಡುತ್ತಾರೆ.

ಇನ್ನೊಂದು ವಿಷಯ. ಜಾಗ ಛಾವಣಿ ಮೇಲಿದೆಯೋ, ಒಳಗಿದೆಯೋ ನೋಡಿಕೊಳ್ಳಿ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ಮುಚ್ಚಿದ ಸಭಾಂಗಣಗಳಿಗೆ ಮಾತ್ರ ವಿನಾಯಿತಿ. ಹಾಗಾಗಿ ಛಾವಣಿ ಮೇಲಿನ ಗಿಗ್ 10ಕ್ಕೆ ನಿಲ್ಲುತ್ತದೆ. ಎಂಟರ ಶೋಗೆ ಒಂಬತ್ತೂವರೆಗೆ ಹೋದವರಿಗೆ ಸಿಗುವುದು ಅರ್ಧ ಗಂಟೆಯ ಹಾಡು ಮಾತ್ರ.

## ಹಂತ 2: ಟಿಕೆಟ್ ಕೊಳ್ಳುವ ಮುಂಚೆ ಓದಬೇಕಾದ ನಾಲ್ಕು ಸಾಲು

ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಮೊದಲ ಲಿಂಕ್ ಒತ್ತಬೇಡಿ. ಗಾಯಕರ ಇನ್‌ಸ್ಟಾಗ್ರಾಮ್ ಪುಟಕ್ಕೆ ಹೋಗಿ, ಅವರೇ ಹಾಕಿರುವ ಲಿಂಕ್ ಹಿಡಿದು ಹೋಗಿ. ಅದು ಸಾಮಾನ್ಯವಾಗಿ ಬುಕ್‌ಮೈಶೋ, ಡಿಸ್ಟ್ರಿಕ್ಟ್ ಅಥವಾ ಸ್ಕಿಲ್‌ಬಾಕ್ಸ್‌ಗೆ ಕರೆದೊಯ್ಯುತ್ತದೆ. ಮೊದಲು ಪೇಟಿಎಂ ಇನ್‌ಸೈಡರ್‌ನಲ್ಲಿ ಕೊಳ್ಳುತ್ತಿದ್ದವರು ಗಮನಿಸಿ: 2024ರಲ್ಲಿ ಅದನ್ನು ಜೊಮ್ಯಾಟೊ ಕೊಂಡಿತು, ಈಗ ಡಿಸ್ಟ್ರಿಕ್ಟ್ ಆ್ಯಪ್‌ನಲ್ಲಿ ನೋಡಬೇಕು.

ಪುಟ ತೆರೆದ ಮೇಲೆ ಓದಬೇಕಾದ್ದು ಇವು.

ಡೋರ್ಸ್ ಮತ್ತು ಶೋ ಸಮಯ. ಎರಡೂ ಬೇರೆ ಬೇರೆ. ಡೋರ್ಸ್ 7 ಅಂದರೆ ಬಾಗಿಲು ತೆರೆಯುವ ಹೊತ್ತು. ಶೋ 8 ಅಂದರೆ ಮೊದಲ ಹಾಡು. ಒಂದೇ ಸಮಯ ಬರೆದಿದ್ದರೆ ಅದನ್ನು ಬಾಗಿಲ ಸಮಯ ಎಂದೇ ಇಟ್ಟುಕೊಂಡು ಹೊರಡಿ.

ಕವರ್ ಚಾರ್ಜೋ, ಪ್ರವೇಶ ಟಿಕೆಟ್ಟೋ. ಕವರ್ ಚಾರ್ಜ್ ಆದರೆ ಆ ಹಣಕ್ಕೆ ತಿನ್ನಲು ಕುಡಿಯಲು ಸಿಗಬಹುದು, ಪೂರ್ತಿಯೋ ಅರ್ಧವೋ ಎಂದು ಬರೆದಿರುತ್ತಾರೆ. ಪ್ರವೇಶ ಟಿಕೆಟ್ ಆದರೆ ಊಟದ ಬಿಲ್ ಬೇರೆ. ಬಾಗಿಲಲ್ಲಿ ಅತಿ ಹೆಚ್ಚು ಜಗಳ ನಡೆಯುವುದು ಈ ಒಂದು ವಿಷಯಕ್ಕೆ.

ಸೀಟೋ, ನಿಲ್ಲುವುದೋ. ಟೇಬಲ್ ಬುಕ್ ಮಾಡಿದ್ದೇನೆ, ಟಿಕೆಟ್ ಯಾಕೆ ಎನ್ನುವವರಿದ್ದಾರೆ. ಟೇಬಲ್ ಬುಕಿಂಗ್ ಊಟಕ್ಕೆ, ಟಿಕೆಟ್ ಹಾಡಿಗೆ. ಎರಡೂ ಬೇಕೋ ಒಂದು ಸಾಕೋ ಎಂದು ಫೋನ್ ಮಾಡಿ ಕೇಳಿಬಿಡಿ.

ರದ್ದತಿ ನಿಯಮ. ದಿನಾಂಕ ಮುಂದಕ್ಕೆ ಹೋದರೆ ಹಣ ವಾಪಸ್ ಬರುತ್ತದೆಯೋ, ಅದೇ ಟಿಕೆಟ್ ನಡೆಯುತ್ತದೆಯೋ ನೋಡಿ. ಬೆಂಗಳೂರಿನಲ್ಲಿ ಈ ಸಾಲಿಗೆ ತೂಕ ಜಾಸ್ತಿ. ಇಲ್ಲಿ ಬಾರ್, ರೆಸ್ಟೋರೆಂಟ್‌ಗಳು ಲೈವ್ ಸಂಗೀತಕ್ಕೆ ಪೊಲೀಸರ ಪರವಾನಗಿ ಪಡೆಯಬೇಕು. 2005ರ ಆ ಆದೇಶವನ್ನು 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಎಷ್ಟೋ ಕಡೆ ಗಿಗ್‌ಗಳು ನಿಂತೇ ಹೋದವು. ಜಾಗ ಬದಲಾಗುವುದು, ಶೋ ಹೇಳಿದ್ದಕ್ಕಿಂತ ಬೇಗ ಶುರುವಾಗುವುದು ಈಗಲೂ ಇದ್ದದ್ದೇ. ಹೊರಡುವ ದಿನ ಮಧ್ಯಾಹ್ನ ಕ್ಲಬ್‌ನ ಪುಟ, ಗಾಯಕರ ಪುಟ ಎರಡನ್ನೂ ಒಮ್ಮೆ ನೋಡಿ.

ಎಚ್ಚರಿಕೆಯ ಸೂಚನೆಗಳು: ಗಾಯಕರ ಪುಟದಲ್ಲಿ ಇರುವ ಶೋ ಕ್ಲಬ್‌ನ ಪುಟದಲ್ಲಿ ಇಲ್ಲದಿರುವುದು. "ನನ್ನ ಹತ್ತಿರ ಎರಡು ಟಿಕೆಟ್ ಜಾಸ್ತಿ ಇದೆ" ಎಂದು ಅಪರಿಚಿತರು ಮೆಸೇಜ್ ಮಾಡಿ ಕ್ಯುಆರ್‌ನ ಸ್ಕ್ರೀನ್‌ಶಾಟ್ ಕಳಿಸುವುದು. ಒಂದು ಕ್ಯುಆರ್ ಒಮ್ಮೆ ಸ್ಕ್ಯಾನ್ ಆದರೆ ಮುಗಿಯಿತು. ಅದೇ ಸ್ಕ್ರೀನ್‌ಶಾಟ್ ಇನ್ನೂ ಐದು ಜನಕ್ಕೆ ಹೋಗಿರಬಹುದು.

## ಹಂತ 3: ಹಾಡುಗಳನ್ನು ಮೊದಲೇ ಕೇಳಿ, ಆದರೆ ಸರಿಯಾದ ರೆಕಾರ್ಡಿಂಗ್

ಆಲ್ಬಮ್ ಕೇಳಿಕೊಂಡು ಹೋದವರಿಗೆ ನಿರಾಸೆ ಆಗುವುದುಂಟು. ಆಲ್ಬಮ್‌ನಲ್ಲಿ ಡ್ರಮ್, ಕೀಬೋರ್ಡ್, ನಾಲ್ಕು ಪದರ ಹಿನ್ನೆಲೆ ದನಿ ಎಲ್ಲ ಇರುತ್ತದೆ. ಕ್ಲಬ್‌ನಲ್ಲಿ ಇರುವುದು ಒಂದು ಗಂಟಲು, ಆರು ತಂತಿ. ಹಾಗಾಗಿ ಯೂಟ್ಯೂಬ್‌ನಲ್ಲಿ ಅವರ ಲೈವ್ ಸೆಷನ್ ಹುಡುಕಿ, ನಾಲ್ಕೈದು ಹಾಡು ಕೇಳಿ. ಸಾಹಿತ್ಯ ಸಿಕ್ಕರೆ ಓದಿಕೊಳ್ಳಿ.

ಕನ್ನಡದಲ್ಲಿ ಹಾಡುವವರಾದರೆ ಈ ಕೆಲಸ ಇನ್ನೂ ಫಲ ಕೊಡುತ್ತದೆ. ರಘು ದೀಕ್ಷಿತ್ ಶಿಶುನಾಳ ಶರೀಫರ ಪದಗಳನ್ನು ಹಾಡುತ್ತಾರೆ. ವಾಸು ದೀಕ್ಷಿತ್, ಬಿಂದುಮಾಲಿನಿ ಕಬೀರನನ್ನೂ ಬೇರೆ ಸಂತರನ್ನೂ ಹಾಡುತ್ತಾರೆ. ಎಂ. ಡಿ. ಪಲ್ಲವಿ ಭಾವಗೀತೆಗಳಿಂದ ಬಂದವರು. ಶರೀಫರ ಪದದ ಒಳ ಅರ್ಥ ಒಮ್ಮೆ ತಿಳಿದುಕೊಂಡು ಹೋದರೆ, ಗಾಯಕರು ಯಾವ ಸಾಲಿನ ಮೇಲೆ ನಿಲ್ಲುತ್ತಾರೆ, ಯಾಕೆ ಅದನ್ನೇ ಮತ್ತೆ ಹಾಡುತ್ತಾರೆ ಎನ್ನುವುದು ಅಲ್ಲೇ ಹೊಳೆಯುತ್ತದೆ.

## ಹಂತ 4: ವಾಪಸ್ ಬರುವ ದಾರಿ ಮೊದಲು, ಹೋಗುವ ದಾರಿ ಆಮೇಲೆ

ಹೋಗುವುದು ಸುಲಭ. ವಾಪಸ್ ಬರುವ ಯೋಚನೆ ಇಲ್ಲದಿದ್ದರೆ ಕೊನೇ ಮೂರು ಹಾಡು ಹೋದಂತೆ. ಗಾಯಕರು ತುಂಬಾ ಇಷ್ಟದ ಹಾಡನ್ನು ಕೊನೆಗೆ ಇಟ್ಟುಕೊಳ್ಳುವುದೇ ಜಾಸ್ತಿ, ಅಲ್ವಾ?

ಇಂದಿರಾನಗರದ ಗಿಗ್‌ಗಳಿಗೆ ನೇರಳೆ ಮಾರ್ಗದ ಮೆಟ್ರೋ ಅನುಕೂಲ. ವೈಟ್‌ಫೀಲ್ಡ್ ಕಡೆಗೂ, ಮೆಜೆಸ್ಟಿಕ್ ಕಡೆಗೂ ಅದೇ ಹೋಗುತ್ತದೆ. ಕೊನೇ ರೈಲುಗಳು ರಾತ್ರಿ 11ರ ಆಸುಪಾಸಿನಲ್ಲಿ ಹೊರಡುತ್ತವೆ. ನಿಮ್ಮ ನಿಲ್ದಾಣಕ್ಕೆ ಕೊನೇ ರೈಲು ಎಷ್ಟಕ್ಕೆ ಎಂದು ನಮ್ಮ ಮೆಟ್ರೋ ಆ್ಯಪ್‌ನಲ್ಲಿ ಅದೇ ದಿನ ನೋಡಿ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸುವವರು ಎರಡೂ ಸಮಯ ಬರೆದುಕೊಳ್ಳಿ.

ಕಾರು ಬೇಡ. ಹನ್ನೆರಡನೇ ಮೇನ್, ಹಂಡ್ರೆಡ್ ಫೀಟ್ ರೋಡ್‌ನಲ್ಲಿ ವಾರದ ಕೊನೆಯಲ್ಲಿ ಪಾರ್ಕಿಂಗ್ ಹುಡುಕುವಷ್ಟರಲ್ಲಿ ಎರಡು ಹಾಡು ಮುಗಿದಿರುತ್ತದೆ. ಕುಡಿಯುವ ಯೋಚನೆ ಇದ್ದರಂತೂ ಗಾಡಿ ಮನೆಯಲ್ಲೇ ಇರಲಿ. ಆಟೋ ಬೇಕಾದರೆ ಶೋ ಮುಗಿದ ತಕ್ಷಣ ಬುಕ್ ಮಾಡಲು ಹೋಗಬೇಡಿ, ಎಲ್ಲರೂ ಅದೇ ಕ್ಷಣ ಅದನ್ನೇ ಮಾಡುತ್ತಿರುತ್ತಾರೆ. ಹದಿನೈದು ನಿಮಿಷ ತಡೆದು ನಮ್ಮ ಯಾತ್ರಿ ಆ್ಯಪ್ ತೆರೆಯಿರಿ. ಮುಖ್ಯ ರಸ್ತೆಯವರೆಗೆ ನಡೆದು ಬಂದರೆ ಇನ್ನೂ ಬೇಗ ಸಿಗುತ್ತದೆ.

ಮೈಸೂರು, ಮಂಡ್ಯದಿಂದ ಬರುವವರಿಗೆ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ ರಾತ್ರಿ ಹೊತ್ತೂ ಬಸ್ ಇರುತ್ತದೆ. ಇಂದಿರಾನಗರದಿಂದ ಅಲ್ಲಿಗೆ ತಲುಪಲು ಒಂದು ಗಂಟೆಯಾದರೂ ಕೈಯಲ್ಲಿರಲಿ.

ಒಬ್ಬರೇ ಹೋಗುತ್ತಿದ್ದರೆ ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಮನೆಯಲ್ಲೋ ಗೆಳತಿಗೋ ಹೇಳಿ, ಆಟೋ ಹತ್ತಿದ ಮೇಲೆ ಲೊಕೇಷನ್ ಕಳಿಸಿ. ತುರ್ತಿಗೆ 112.

## ಹಂತ 5: ಬಾಗಿಲು ತೆರೆದ ಮೊದಲ ಅರ್ಧ ಗಂಟೆ

ಬಾಗಿಲು ತೆರೆದ ಹದಿನೈದು ಇಪ್ಪತ್ತು ನಿಮಿಷದೊಳಗೆ ಒಳಗಿರಿ. "ಎಂಟು ಅಂದ್ರೆ ಒಂಬತ್ತು" ಎನ್ನುವ ಲೆಕ್ಕ ಮದುವೆ ಮನೆ ಊಟಕ್ಕೆ ಸರಿ ಇರಬಹುದು, ಇಲ್ಲಿ ಬೇಡ. ಜೆ. ಪಿ. ನಗರದ ರಂಗ ಶಂಕರದಲ್ಲಂತೂ ಹೊತ್ತು ಮೀರಿದರೆ ಟಿಕೆಟ್ ಇದ್ದರೂ ಒಳಗೆ ಬಿಡುವುದಿಲ್ಲ. ಕ್ಲಬ್‌ಗಳು ಬಿಡುತ್ತವೆ, ಆದರೆ ಒಳ್ಳೆಯ ಜಾಗ ಆಗಲೇ ಹೋಗಿರುತ್ತದೆ.

ಒಳಗೆ ಹೋದ ಮೇಲೆ ಮಾಡಬೇಕಾದ ಕೆಲಸದ ಕ್ರಮ ಹೀಗಿರಲಿ.

1. ತುರ್ತು ಬಾಗಿಲು ಎಲ್ಲಿದೆ ನೋಡಿ. ಕೆಳಗೋ ಮೇಲೋ ಒಂದೇ ಮೆಟ್ಟಿಲಿರುವ ಕೋಣೆ ತುಂಬಿ ತುಳುಕುತ್ತಿದ್ದರೆ ಹಾಡು ಎಷ್ಟೇ ಚೆನ್ನಾಗಿರಲಿ, ಬಾಗಿಲ ಕಡೆಗೆ ನಿಲ್ಲಿ.
2. ಟಾಯ್ಲೆಟ್ ಮುಗಿಸಿ.
3. ಊಟ ಈಗಲೇ ಆರ್ಡರ್ ಮಾಡಿ, ಈಗಲೇ ತಿನ್ನಿ. ಹಾಡು ಶುರುವಾದ ಮೇಲೆ ಮಾಣಿ ಬಗ್ಗಿ ನಿಮ್ಮ ಕಿವಿಯಲ್ಲಿ ಕೂಗಬೇಕಾಗುತ್ತದೆ, ನೀವು ತಿರುಗಿ ಕೂಗಬೇಕಾಗುತ್ತದೆ. ಅಕ್ಕಪಕ್ಕದ ಹತ್ತು ಜನಕ್ಕೆ ಆ ಹಾಡು ಹೋಯಿತು.
4. ಬಿಲ್ ಕೂಡ ಶೋಗೆ ಮುಂಚೆಯೇ ಕಟ್ಟಿಬಿಡಿ. ಇದನ್ನು ಬಹಳ ಜನ ಮಾಡುವುದಿಲ್ಲ. ಕೊನೇ ಹಾಡಿನ ಹೊತ್ತಿಗೇ ಬಿಲ್ ಹಿಡಿದು ಬರುತ್ತಾರೆ, ಕಾರ್ಡ್ ಮೆಷಿನ್ ಕೀಂಯ್ ಎನ್ನುತ್ತದೆ.

ಗ್ಲಾಸನ್ನು ಎಲ್ಲೋ ಇಟ್ಟು ಹೋಗಬೇಡಿ. ಬಿಟ್ಟು ಹೋಗಿದ್ದರೆ ಮತ್ತೆ ಅದನ್ನು ಕುಡಿಯಬೇಡಿ.

## ಹಂತ 6: ನಿಲ್ಲುವ ಜಾಗ ಆರಿಸಿ

ಇಡೀ ರಾತ್ರಿ ನಿಮಗೆ ಏನು ಕೇಳಿಸುತ್ತದೆ ಎನ್ನುವುದು ಇಲ್ಲೇ ನಿರ್ಧಾರ ಆಗುತ್ತದೆ. ಸ್ವಲ್ಪ ಸಾವಧಾನವಾಗಿ ಓದಿ.

ವೇದಿಕೆಯ ಎರಡೂ ಬದಿಯಲ್ಲಿ ಎತ್ತರಕ್ಕೆ ಇಟ್ಟ ಸ್ಪೀಕರ್‌ಗಳು ನಿಮಗಾಗಿ. ಗಾಯಕರ ಕಾಲ ಬಳಿ, ಅವರ ಕಡೆಗೇ ಮುಖ ಮಾಡಿ ಓರೆಯಾಗಿ ಕೂತಿರುವ ಸ್ಪೀಕರ್ ಅವರಿಗಾಗಿ. ಅದಕ್ಕೆ ಮಾನಿಟರ್ ಎನ್ನುತ್ತಾರೆ. ಬಹಳ ಜನ ಎಲ್ಲರಿಗಿಂತ ಮುಂದೆ, ವೇದಿಕೆಗೆ ಒತ್ತಿಕೊಂಡು ನಿಲ್ಲುತ್ತಾರೆ. ಅಲ್ಲಿ ದೊಡ್ಡ ಸ್ಪೀಕರ್‌ನ ಸದ್ದು ನಿಮ್ಮ ಪಕ್ಕದಿಂದಲೋ ತಲೆ ಮೇಲಿಂದಲೋ ಹಾದು ಹೋಗುತ್ತದೆ. ಕೇಳಿಸುವುದು ಮಾನಿಟರ್‌ನ ಬೆನ್ನಿನ ಮಂಕು ಸದ್ದು ಮತ್ತು ತಂತಿಯ ಮೇಲೆ ಬೆರಳು ಜಾರುವ ಚೀರು. ಮುಖ ಚೆನ್ನಾಗಿ ಕಾಣುತ್ತದೆ, ಪದ ಸರಿಯಾಗಿ ಕೇಳಿಸುವುದಿಲ್ಲ.

ಪದ ಕೇಳಿಸದಿರುವುದಕ್ಕೆ ಕಾರಣ ಸರಳ. ಸ, ಶ, ಚ, ತ, ಕ ಈ ಅಕ್ಷರಗಳ ಮೊನಚು ಇರುವುದು ಎತ್ತರದ, ಕೀರಲು ಸದ್ದಿನಲ್ಲಿ. ಆ ಸದ್ದು ಸ್ಪೀಕರ್ ಬಾಯಿಂದ ಟಾರ್ಚ್ ಬೆಳಕಿನ ಹಾಗೆ ನೇರವಾಗಿ ಹೋಗುತ್ತದೆ, ಅಡ್ಡ ಬಂದ ಕಂಬ, ತಲೆ, ಪರದೆ ಅದನ್ನು ತಡೆಯುತ್ತವೆ. ಗಿಟಾರಿನ ದಪ್ಪ ತಂತಿಯ ಗುಂಗು ಮಾತ್ರ ಮೂಲೆ ಮೂಲೆಗೂ ಹರಡುತ್ತದೆ. ಕಂಬದ ಹಿಂದೆ ನಿಂತರೆ ರಾಗ ಬರುತ್ತದೆ, ಮಾತು ಬರುವುದಿಲ್ಲ. ಮೂಲೆಯಲ್ಲಿ ನಿಂತರೆ ಗುಂಗು ಇನ್ನೂ ಜಾಸ್ತಿಯಾಗಿ ಎಲ್ಲ ಕಲಸಿಹೋಗುತ್ತದೆ.

ಆದ್ದರಿಂದ ನಿಯಮ: ನಿಂತ ಜಾಗದಿಂದ ಸ್ಪೀಕರ್‌ನ ಮುಖ ಕಾಣಬೇಕು. ಎರಡೂ ಕಂಡರೆ ಉತ್ತಮ. ಒಂದಾದರೂ ಕಾಣಲೇಬೇಕು.

ಎಲ್ಲಕ್ಕಿಂತ ಸುಲಭದ ಉಪಾಯ ಸೌಂಡ್ ಎಂಜಿನಿಯರ್ ಎಲ್ಲಿ ಕೂತಿದ್ದಾರೆ ಎಂದು ನೋಡುವುದು. ಅವರು ತಮ್ಮ ಕಿವಿಗೆ ಕೇಳಿಸಿದ್ದನ್ನು ನಂಬಿ ಮಿಕ್ಸರ್‌ನ, ಅಂದರೆ ಸದ್ದಿನ ಮಟ್ಟ ಹೊಂದಿಸುವ ಯಂತ್ರದ, ಗುಂಡಿ ತಿರುಗಿಸುತ್ತಾರೆ. ಅವರಿಗಿಂತ ಒಂದೆರಡು ಹೆಜ್ಜೆ ಮುಂದೆ ನಿಂತರೆ ಅವರು ಕೇಳುತ್ತಿರುವುದೇ ನಿಮಗೂ ಸಿಗುತ್ತದೆ. ಕೆಲವು ಕ್ಲಬ್‌ಗಳಲ್ಲಿ ಮಿಕ್ಸರ್ ಅನ್ನು ಯಾವುದೋ ಸಂದಿಗೆ ತುರುಕಿರುತ್ತಾರೆ. ಆಗ ಎರಡು ಸ್ಪೀಕರ್‌ಗಳ ನಡುವೆ ಎಷ್ಟು ದೂರ ಇದೆಯೋ, ವೇದಿಕೆಯಿಂದ ಸುಮಾರು ಅಷ್ಟೇ ಹಿಂದಕ್ಕೆ, ಮಧ್ಯದಲ್ಲಿ ನಿಲ್ಲಿ.

ದೂರ ಇರಬೇಕಾದ ಜಾಗಗಳು: ಬಾರ್ ಕೌಂಟರ್, ಯಾಕೆಂದರೆ ಬ್ಲೆಂಡರ್, ಐಸ್ ಕುಟ್ಟುವ ಸದ್ದು ಸರಿಯಾಗಿ ಮೆಲ್ಲನೆಯ ಸಾಲಿಗೇ ಬರುತ್ತದೆ. ಅಡುಗೆಮನೆ ಬಾಗಿಲು. ಟಾಯ್ಲೆಟ್ ದಾರಿ. ಎಸಿ ಗಾಳಿ ನೇರ ಬಡಿಯುವ ಕಡೆ. ಹುಟ್ಟುಹಬ್ಬಕ್ಕೆ ಬುಕ್ ಆದ ಉದ್ದ ಟೇಬಲ್ ಕಂಡರೆ ಅದರ ಎದುರು ಬದಿಗೆ ಹೋಗಿ.

ಆರಿಸಿದ್ದು ಸರಿಯೇ ಎಂದು ಪರೀಕ್ಷಿಸಲು ಮುಖ್ಯ ಗಾಯಕರಿಗಿಂತ ಮೊದಲು ಹಾಡುವವರ ಎರಡು ಹಾಡು ಸಾಕು. ಮೊದಲ ಹಾಡನ್ನು ಒಂದು ಕಡೆ ನಿಂತು, ಎರಡನೆಯದನ್ನು ಇನ್ನೊಂದು ಕಡೆ ನಿಂತು ಕೇಳಿ. ಹಾಡಿನ ನಡುವೆ ಅಲೆಯಬೇಡಿ, ಚಪ್ಪಾಳೆ ಹೊತ್ತಿಗೆ ಜಾಗ ಬದಲಿಸಿ. ಕೋಣೆ ತುಂಬಿದ ಹಾಗೆ ಸದ್ದು ಬದಲಾಗುತ್ತದೆ ಎನ್ನುವುದೂ ನೆನಪಿರಲಿ. ಮೈ, ಬಟ್ಟೆ ಎಲ್ಲ ಸದ್ದನ್ನು ಹೀರಿಕೊಳ್ಳುತ್ತವೆ. ಖಾಲಿ ಕೋಣೆಯಲ್ಲಿ ಕಿರಿಕಿರಿ ಎನಿಸಿದ ಪ್ರತಿಧ್ವನಿ ಜನ ಬಂದ ಮೇಲೆ ತಾನಾಗಿ ತಗ್ಗುತ್ತದೆ. ಮೊದಲ ಹತ್ತು ನಿಮಿಷ ನೋಡಿ ಸೌಂಡ್ ಸರಿ ಇಲ್ಲ ಎಂದು ತೀರ್ಮಾನಕ್ಕೆ ಬರಬೇಡಿ.

ಆ ಮೊದಲ ಗಾಯಕರನ್ನು ಸೌಂಡ್ ಪರೀಕ್ಷೆಗೆ ಮಾತ್ರ ಬಳಸಬೇಡಿ, ಕಿವಿಗೊಟ್ಟು ಕೇಳಿ. ಮುಂದಿನ ವರ್ಷ ನೀವು ಟಿಕೆಟ್ ಕೊಂಡು ಹೋಗುವುದು ಅವರದ್ದೇ ಶೋಗೆ ಆಗಿರಬಹುದು.

## ಹಂತ 7: ಕಿವಿಗೆ ಕಾವಲು

ಒಂದೇ ಗಿಟಾರ್, ಕಿವಿಗೆ ಏನಾಗುತ್ತದೆ ಎನ್ನಬೇಡಿ. ಮುಖ್ಯ ಹಾಡುಗಾರರ ನಂತರ ಡಿಜೆ ಇರಬಹುದು, ಮೊದಲಿಗೆ ಪೂರ್ತಿ ಬ್ಯಾಂಡ್ ಇರಬಹುದು. ಕೆಲಸದ ಜಾಗದ ಸುರಕ್ಷತೆ, ಆರೋಗ್ಯ ನೋಡುವ ಅಮೆರಿಕದ ನಿಯಾಶ್ (NIOSH) ಸಂಸ್ಥೆಯ ಲೆಕ್ಕ ಹೀಗಿದೆ: 85 ಡೆಸಿಬೆಲ್ ಸದ್ದನ್ನು 8 ಗಂಟೆ ತಡೆದುಕೊಳ್ಳಬಹುದು, ಆಮೇಲೆ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ ಆಗುತ್ತದೆ. 100 ಡೆಸಿಬೆಲ್‌ಗೆ ಬಂದರೆ ಉಳಿಯುವುದು 15 ನಿಮಿಷ. ಸಂಗೀತದ ಜಾಗಗಳಲ್ಲಿ ಸರಾಸರಿ 100 ಡೆಸಿಬೆಲ್ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಾನದಂಡ ಹೊರಡಿಸಿದೆ.

ಅಳೆಯಲು ಮೀಟರ್ ಬೇಕಿಲ್ಲ. ಒಂದು ಕೈ ದೂರದಲ್ಲಿ ನಿಂತವರಿಗೆ ನೀವು ಕೂಗಿ ಹೇಳಬೇಕಾಗುತ್ತಿದ್ದರೆ ಪ್ಲಗ್ ಹಾಕುವ ಹೊತ್ತು ಬಂತು.

ಫೋಮ್ ಪ್ಲಗ್ ಕೆಲಸ ಮಾಡಲಿಲ್ಲ ಎನ್ನುವವರು ಹಾಕುವ ರೀತಿಯೇ ತಪ್ಪಿರುತ್ತದೆ. ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ. ಇನ್ನೊಂದು ಕೈಯನ್ನು ತಲೆ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಒಳಗೆ ತೂರಿಸಿ, ಅದು ಹಿಗ್ಗಿ ಕೂರುವವರೆಗೆ ಅರ್ಧ ನಿಮಿಷ ಬೆರಳಲ್ಲಿ ಒತ್ತಿ ಹಿಡಿಯಿರಿ. ಪೂರ್ತಿ ಮಂಕಾಗಿ ಕೇಳಿಸುತ್ತದೆ ಎನ್ನುವವರು ಸಂಗೀತಕ್ಕೆಂದೇ ಮಾಡಿದ ಪ್ಲಗ್ ಕೊಳ್ಳಿ. ಅವು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಒಂದೇ ಸಮ ತಗ್ಗಿಸುತ್ತವೆ, ಪದ ಅಳಿಸುವುದಿಲ್ಲ.

## ಹಂತ 8: ಹಾಡು ನಡೆಯುವಾಗ

ಇಂಥ ಗಿಗ್ ಕೆಡುವುದು ಶ್ರುತಿ ಮಾಡುವ ಹೊತ್ತಿನಲ್ಲಿ. ಗಮನಿಸಿ ನೋಡಿ. ಒಂದು ಹಾಡು ಮುಗಿಯುತ್ತದೆ. ಗಾಯಕಿ ಗಿಟಾರಿನ ಕುತ್ತಿಗೆಗೆ ಹಾಕಿದ್ದ ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಬಿಚ್ಚಿ ಎರಡು ಮನೆ ಮೇಲಕ್ಕೆ ಹಾಕುತ್ತಾರೆ. ಅದು ತಂತಿಯನ್ನು ಎಳೆದು ಶ್ರುತಿ ಕೆಡಿಸುತ್ತದೆ. ಎಸಿ ತಂಪು, ವೇದಿಕೆ ದೀಪದ ಬಿಸಿ ಬೇರೆ. ಅವರು ತಲೆ ತಗ್ಗಿಸಿ ಶ್ರುತಿ ತೋರಿಸುವ ಟ್ಯೂನರ್ ನೋಡುತ್ತಾ ತಂತಿ ಬಿಗಿಯುವ ಕಿವಿಗಳನ್ನು ಒಂದೊಂದಾಗಿ ತಿರುಗಿಸುತ್ತಾರೆ. ಆ ಅರ್ಧ ನಿಮಿಷದಲ್ಲಿ ಕೋಣೆಯಲ್ಲಿ ಮಾತು ಶುರುವಾಗುತ್ತದೆ. ಮುಂದಿನ ಹಾಡಿನ ಮೊದಲ ಸಾಲು ಮೆಲ್ಲಗಿರುತ್ತದೆ, ಮಾತು ನಿಂತಿರುವುದಿಲ್ಲ. ಸೌಂಡ್‌ನವರು ವಾಲ್ಯೂಮ್ ಏರಿಸುತ್ತಾರೆ. ಮೈಕ್ ಆಗ ತನ್ನದೇ ಸ್ಪೀಕರ್ ಸದ್ದನ್ನು ಹಿಡಿದು ಕುಯ್ಯ್ ಎಂದು ಕೂಗುತ್ತದೆ. ಎಲ್ಲರೂ ಕಿವಿ ಮುಚ್ಚಿಕೊಂಡು ಸೌಂಡ್‌ನವರನ್ನು ಬೈಯುತ್ತಾರೆ.

ಹಾಗಾಗಿ ಮಾತಾಡಬೇಕಿದ್ದರೆ ಆ ಅರ್ಧ ನಿಮಿಷದಲ್ಲಿ ಮಾತಾಡಿ, ಗಾಯಕರು ತಲೆ ಎತ್ತಿದ ತಕ್ಷಣ ನಿಲ್ಲಿಸಿ. ಮಾತು ಉದ್ದ ಇದ್ದರೆ ಹೊರಗೆ ಹೋಗಿ. ಪಕ್ಕದವರು ಮಾತಾಡುತ್ತಿದ್ದರೆ ಶ್ ಎನ್ನಬೇಡಿ, ಅದು ಇನ್ನೊಂದು ಸದ್ದು, ಜಗಳಕ್ಕೂ ದಾರಿ. ಹತ್ತಿರ ಹೋಗಿ, "ಈ ಹಾಡು ಒಂದು ಮುಗೀಲಿ, ಪ್ಲೀಸ್" ಎಂದರೆ ಹೆಚ್ಚಿನವರು ಕೇಳುತ್ತಾರೆ. ಕೇಳದಿದ್ದರೆ ಕ್ಲಬ್ ಸಿಬ್ಬಂದಿಗೆ ಹೇಳಿ, ನೀವು ಜಾಗ ಬದಲಿಸಿ.

ತಾಳ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಡ್ರಮ್ ಇಲ್ಲದ ಹಾಡಿಗೆ ಗಾಯಕರು ಕೇಳದೆ ತಾಳ ಹಾಕಬೇಡಿ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ವೇದಿಕೆಯಿಂದ 15 ಮೀಟರ್ ಹಿಂದೆ ನಿಂತ ನಿಮಗೆ ಗಿಟಾರ್ ತಲುಪಲು ಸುಮಾರು 44 ಮಿಲಿಸೆಕೆಂಡ್, ನಿಮ್ಮ ಚಪ್ಪಾಳೆ ಅವರನ್ನು ತಲುಪಲು ಮತ್ತೆ ಅಷ್ಟೇ. ನೀವು ಸರಿಯಾಗಿಯೇ ಹಾಕಿದರೂ ಅವರಿಗೆ ಅದು ತಡವಾಗಿ ಕೇಳಿಸುತ್ತದೆ. ಅದರ ಮೇಲೆ ಜನ ತಾಳ ಹಾಕುತ್ತಾ ಹಾಕುತ್ತಾ ಓಡುತ್ತಾರೆ. ಗಾಯಕರು ಹಾಡು ಬಿಟ್ಟು ತಾಳದ ಹಿಂದೆ ಹೋಗಬೇಕಾಗುತ್ತದೆ.

ಫೋನ್ ವಿಷಯ: ಒಂದು ಹಾಡಿನ ಒಂದು ತುಣುಕು ಸಾಕು. ಫ್ಲ್ಯಾಶ್ ಆಫ್, ಪರದೆಯ ಬೆಳಕು ಕಡಿಮೆ, ಫೋನ್ ಎದೆಯ ಎತ್ತರಕ್ಕೆ. ಇನ್ನೂ ಬಿಡುಗಡೆಯಾಗದ ಹಾಡು ಎಂದು ಗಾಯಕರು ಹೇಳಿದರೆ ರೆಕಾರ್ಡ್ ಮಾಡಲೇಬೇಡಿ.

ಇನ್ನು ಬೆಂಗಳೂರಿನದೇ ಒಂದು ವಿಷಯ. ಹಿಂದಿಯಲ್ಲೋ ಇಂಗ್ಲಿಷ್‌ನಲ್ಲೋ ಹಾಡುವವರ ಗಿಗ್‌ನಲ್ಲಿ ನಡುವೆ "ಕನ್ನಡ ಹಾಡು ಹಾಡಿ" ಎಂದು ಕೂಗುವುದುಂಟು. ಆಸೆ ನ್ಯಾಯವಾದದ್ದೇ. ಹಾಡುಗಳ ನಡುವೆ, ಒಂದು ಸಲ, ನಗುಮುಖದಿಂದ ಕೇಳಿ. ಬರುತ್ತಿದ್ದರೆ ಖುಷಿಯಿಂದ ಹಾಡುತ್ತಾರೆ. ಬರೆದು ಹಾಡುವವರ ಹತ್ತಿರ ಇರುವುದು ಅವರ ಹಾಡುಗಳು ಮಾತ್ರ, ಆರ್ಕೆಸ್ಟ್ರಾದವರ ಹಾಗೆ ಕೇಳಿದ್ದೆಲ್ಲ ಇರುವುದಿಲ್ಲ. ಕ್ಲಬ್‌ಗಳಲ್ಲಿ ಕನ್ನಡ ಜಾಸ್ತಿ ಕೇಳಿಸಬೇಕು ಎಂದು ನಿಜವಾಗಿ ಇದ್ದರೆ ಕನ್ನಡದಲ್ಲಿ ಬರೆದು ಹಾಡುವವರ ಶೋಗೆ ಮುಂಗಡವಾಗಿ ಟಿಕೆಟ್ ಕೊಳ್ಳಿ, ನಾಲ್ಕು ಜನರನ್ನು ಕರೆದುಕೊಂಡು ಹೋಗಿ. ಮುಂದಿನ ತಿಂಗಳು ಯಾರನ್ನು ಕರೆಸಬೇಕು ಎಂದು ಕ್ಲಬ್‌ನವರು ನಿರ್ಧರಿಸುವುದು ಮುಂಗಡ ಟಿಕೆಟ್ ಎಷ್ಟು ಹೋಯಿತು ಎಂದು ನೋಡಿ.

## ಹಂತ 9: ಶೋ ಮುಗಿದ ಮೇಲೆ

ಗಾಯಕರು ಒಳಗೆ ಹೋದರು ಎಂದ ತಕ್ಷಣ ಎದ್ದು ಹೊರಡಬೇಡಿ. ಕೋಣೆಯ ದೀಪ ಹತ್ತಿ, ಸ್ಪೀಕರ್‌ನಲ್ಲಿ ರೆಕಾರ್ಡ್ ಹಾಡು ಶುರುವಾದರೆ ಮುಗಿದಂತೆ. ಕತ್ತಲೆ ಹಾಗೇ ಇದ್ದು, ಗಿಟಾರ್ ಸ್ಟ್ಯಾಂಡ್‌ನಲ್ಲೇ ಇದ್ದರೆ ಇನ್ನೊಂದು ಹಾಡು ಇದೆ.

ಚಿಕ್ಕ ಗಿಗ್‌ನಲ್ಲಿ ಗಾಯಕರ ಜೊತೆ ಮಾತಾಡಬಹುದು. ಅವರು ಕೇಬಲ್ ಸುತ್ತಿ, ಗಿಟಾರ್ ಕೇಸಿಗೆ ಹಾಕುವವರೆಗೆ ಕಾಯಿರಿ. ಯಾವ ಹಾಡು, ಯಾವ ಸಾಲು ಹಿಡಿಸಿತು ಎಂದು ಹೇಳಿ. "ಚೆನ್ನಾಗಿತ್ತು" ಎನ್ನುವುದಕ್ಕಿಂತ ಅದು ಅವರಿಗೆ ಜಾಸ್ತಿ ಉಪಯೋಗ. ಒಂದೆರಡು ನಿಮಿಷದಲ್ಲಿ ಹಿಂದಿನವರಿಗೆ ಜಾಗ ಬಿಡಿ. ಫೋಟೋ ಬೇಕಾದರೆ ಕೇಳಿ, ಹೆಗಲ ಮೇಲೆ ಕೈ ಹಾಕಬೇಡಿ.

ಟೇಬಲ್ ಮೇಲೆ ಟೀ ಶರ್ಟ್, ಸಿಡಿ, ಪೋಸ್ಟರ್ ಇದ್ದರೆ ಒಂದಾದರೂ ಕೊಳ್ಳಿ. ಸ್ಟ್ರೀಮಿಂಗ್‌ನಲ್ಲಿ ಅವರಿಗೆ ಬರುವುದು ತೀರಾ ಕಡಿಮೆ. ವರ್ಷಕ್ಕೆ 1,000 ಸಲವೂ ಪ್ಲೇ ಆಗದ ಹಾಡಿಗೆ ಸ್ಪಾಟಿಫೈ 2024ರಿಂದ ಏನನ್ನೂ ಕೊಡುವುದಿಲ್ಲ. ಮಾರಲು ಏನೂ ಇಲ್ಲದಿದ್ದರೆ, ಗಾಯಕರು ತಮ್ಮ ಹಾಡು ತಾವೇ ಮಾರುವ ತಾಣವಾದ ಬ್ಯಾಂಡ್‌ಕ್ಯಾಂಪ್‌ನಲ್ಲಿ ಇದ್ದಾರಾ ನೋಡಿ, ಅಲ್ಲಿ ಕೊಟ್ಟ ಹಣದ ದೊಡ್ಡ ಪಾಲು ಗಾಯಕರಿಗೇ ಹೋಗುತ್ತದೆ.

## ಹಂತ 10: ಮರುದಿನ

ರಾತ್ರಿ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಇಯರ್‌ಫೋನ್ ಹಾಕಬೇಡಿ, ಕಿವಿಗೆ ಒಂದು ದಿನ ವಿಶ್ರಾಂತಿ ಕೊಡಿ. ಸಾಮಾನ್ಯವಾಗಿ ಅದು ತಾನಾಗಿ ನಿಲ್ಲುತ್ತದೆ. ಒಂದೆರಡು ದಿನವಾದರೂ ಗುಂಯ್ ನಿಲ್ಲದಿದ್ದರೆ ಇಎನ್‌ಟಿ ಡಾಕ್ಟರ್‌ಗೆ ತೋರಿಸಿ. ಒಂದು ಕಿವಿ ಮಂದವಾಗಿದೆ ಎನ್ನಿಸಿದರೆ ಕಾಯಬೇಡಿ, ಅಂದೇ ಹೋಗಿ.

ಸೌಂಡ್ ನಿಜಕ್ಕೂ ಕೆಟ್ಟದಾಗಿತ್ತು, ಟಿಕೆಟ್‌ನಲ್ಲಿ ಸೀಟು ಎಂದಿದ್ದು ನಿಲ್ಲಿಸಿದರು, ಹಿಡಿಸುವುದಕ್ಕಿಂತ ಜಾಸ್ತಿ ಜನರನ್ನು ಬಿಟ್ಟರು ಎಂದಾದರೆ ಕ್ಲಬ್‌ಗೂ ಟಿಕೆಟ್ ಆ್ಯಪ್‌ಗೂ ಮೇಲ್ ಬರೆಯಿರಿ. ದಿನಾಂಕ, ಬುಕಿಂಗ್ ಸಂಖ್ಯೆ, ನಿಂತಿದ್ದ ಜಾಗ, ಏನು ಸರಿ ಇರಲಿಲ್ಲ ಎಂದು ನಾಲ್ಕು ಸಾಲು ಸಾಕು. ಗಾಯಕರಿಗೆ ಅದನ್ನು ಕಳಿಸಬೇಡಿ, ಕೋಣೆ ಅವರ ಕೈಯಲ್ಲಿ ಇರುವುದಿಲ್ಲ. ಅವರಿಗೆ ಕಳಿಸುವುದಾದರೆ ನೀವು ತೆಗೆದ ಒಳ್ಳೆಯ ವಿಡಿಯೋ ತುಣುಕು ಕಳಿಸಿ, ಅವರ ಪುಟದಲ್ಲಿ ಹಾಕಿಕೊಳ್ಳಲು ಒಪ್ಪಿಗೆಯನ್ನೂ ಜೊತೆಗೇ ಬರೆದುಬಿಡಿ.